ಡಬ್ಬಿ ಉಳಿಯಿತು, ಹಾಡು ಹೋಯಿತು

ವಾರ್ಷಿಕ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಹಂಪೆಯ ಪ್ರವಾಸದ ಮೇಲೋ ಈಚೆಗೆ ಓದಿದ ಕಾದಂಬರಿಯ ಮೇಲೋ ನಾನೂ ನಾಲ್ಕು ಪುಟ ಬರೆಯಬಹುದಾಗಿತ್ತು. ಆದರೆ ಅಂಥ ಲೇಖನಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬರೆಯುವುದಕ್ಕೆ ನನಗೆ ನಿಜವಾಗಿ ಅರ್ಹತೆಯಿರುವ ವಿಷಯ ಒಂದೇ ಒಂದು. ಅದು ನನ್ನ ಕೈಯಿಂದಲೇ ಆದ ಒಂದು ನಷ್ಟ. ತಲೆಬರಹವನ್ನು ನೋಡಿ ಇದು ಅಡಿಗೆಮನೆಯ ಪ್ರಸಂಗವಿರಬೇಕೆಂದು ಭಾವಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದು ಕಂಪ್ಯೂಟರಿನ ವಿಷಯ. ಕಲಾ ಕಾಲೇಜಿನ ಸಂಚಿಕೆಯಲ್ಲಿ ಕಂಪ್ಯೂಟರಿಗೇನು ಕೆಲಸವೆಂದು ದಯವಿಟ್ಟು ಪುಟ ಮಗುಚಬೇಡಿ. ಕಳೆದುಹೋದದ್ದು ನಮ್ಮ ವಿಭಾಗದ ಸೊತ್ತೇ.

ನಮ್ಮ ತರಗತಿಯಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ತಾಲ್ಲೂಕುಗಳ ಹುಡುಗ ಹುಡುಗಿಯರಿದ್ದೇವೆ. ಬಹುಮಂದಿ ಹಾಸ್ಟೆಲಿನಲ್ಲಿದ್ದು ಓದುವವರು. ಎರಡು ವರ್ಷಗಳ ಹಿಂದೆ ಕನ್ನಡದ ಅಧ್ಯಾಪಕರೊಬ್ಬರು, ರಜೆಗೆ ಊರಿಗೆ ಹೋದಾಗ ಅಜ್ಜಿಯರು ಹಾಡುವ ಪದಗಳನ್ನು ಫೋನಿನಲ್ಲಿ ಹಿಡಿದುಕೊಂಡು ಬನ್ನಿರೆಂದು ನಮಗೆಲ್ಲ ಹೇಳಿದರು. ಮೊದಮೊದಲು ನಮಗೆ ಇದು ತಮಾಷೆಯಾಗಿ ತೋರಿತು. ಹೋದ ಮೇಲೆ ತಮಾಷೆ ಉಳಿಯಲಿಲ್ಲ. ಚನ್ನಗಿರಿಯ ಕಡೆ ಅಡಿಕೆ ಸುಲಿಯುವಾಗ ಹಾಡುತ್ತಿದ್ದ ಪದಗಳನ್ನು ಬಲ್ಲ ಹೆಂಗಸರು ಇನ್ನೂ ಇದ್ದಾರೆ. ಆದರೆ ಸುಲಿಯುವ ಯಂತ್ರ ಬಂದ ಮೇಲೆ ಆ ಸದ್ದಿನಲ್ಲಿ ಯಾರೂ ಹಾಡುವುದಿಲ್ಲ. ಹೊನ್ನಾಳಿಯ ಹೊಳೆಸಾಲಿನ ಹಳ್ಳಿಗಳಲ್ಲಿ ಸೋಬಾನೆಯ ಪದಗಳೂ ಕೋಲಾಟದ ಪದಗಳೂ ಸಿಕ್ಕಿದವು. ಜಗಳೂರಿನ ಗೆಳತಿಯೊಬ್ಬಳು ಗೊಲ್ಲರ ಹಟ್ಟಿಯಿಂದ ಒಂದು ಇಡೀ ರಾತ್ರಿಯ ಹಾಡುಗಾರಿಕೆಯನ್ನು ತಂದಳು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂಬುದು ತಮಗೆಲ್ಲ ತಿಳಿದದ್ದೇ. ಆ ಸೀಮೆಯ ಒಂದು ತಾಂಡಾದಲ್ಲಿ ವಯಸ್ಸಾದ ಅಜ್ಜಿಯೊಬ್ಬರು, ಮದುವೆಯಾದ ಹೆಣ್ಣು ತವರು ಬಿಡುವಾಗ ಅಳುತ್ತ ಹಾಡುವ ಢಾವಲೋ ಎಂಬ ಹಾಡನ್ನು ನಮಗಾಗಿ ಹಾಡಿದರು. ಲಂಬಾಣಿ ಭಾಷೆಗೆ ತನ್ನದೇ ಲಿಪಿಯಿಲ್ಲ. ಹಾಡು ಬಾಯಲ್ಲಿದ್ದರೆ ಇದೆ, ಇಲ್ಲವಾದರೆ ಇಲ್ಲ. ಹೀಗೆ ಮುನ್ನೂರಕ್ಕೂ ಮಿಕ್ಕ ಹಾಡುಗಳು ಒಂದೆಡೆ ಸೇರಿದವು.

ಇವನ್ನೆಲ್ಲ ಎಲ್ಲಿಡುವುದು? ಪ್ರಯೋಗಾಲಯದ ಮೂಲೆಯಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಹಳೆಯ ಕಂಪ್ಯೂಟರೊಂದನ್ನು ಕೇಳಿ ಪಡೆದೆವು. ನಮ್ಮಲ್ಲೊಬ್ಬನ ಅಣ್ಣ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನು ಒಂದು ಭಾನುವಾರ ಬಂದು ಅದರಲ್ಲಿ ‘ಕಂಟೇನರ್’ಗಳನ್ನು ಹೂಡಿಕೊಟ್ಟು ಹೋದ. ಒಂದರಲ್ಲಿ ಹಾಡುಗಳ ಪುಟವನ್ನು ತೋರಿಸುವ ತಂತ್ರಾಂಶ, ಇನ್ನೊಂದರಲ್ಲಿ ಯಾರು ಹಾಡಿದರು, ಯಾವ ಊರು, ಯಾವ ಸಂದರ್ಭದ ಪದ ಎಂಬ ದತ್ತಾಂಶ. ಕಾಲೇಜಿನೊಳಗೆ ಯಾವ ಫೋನಿನಿಂದ ಬೇಕಾದರೂ ಹಾಡು ಕೇಳಬಹುದಾಗಿತ್ತು. ಆ ಅಣ್ಣ ಹೊರಟುಹೋದ ಮೇಲೆ ಅದರ ಮೇಲ್ವಿಚಾರಣೆ ನನ್ನ ಪಾಲಿಗೆ ಬಂತು. ನಾನು ಇತಿಹಾಸದ ವಿದ್ಯಾರ್ಥಿ. ಆದರೂ ಕೀಲಿಮಣೆಯ ಮುಂದೆ ಕೂತಾಗ ನನಗೆ ಸ್ವಲ್ಪ ಜಂಬ ಬಂದಿತ್ತೆಂಬುದನ್ನು ಮುಚ್ಚಿಡಲಾರೆ.

ಕಂಟೇನರ್ ಎಂದರೇನೆಂದು ಇಲ್ಲಿ ಎರಡು ಮಾತು ಹೇಳಬೇಕು. ತಿಳಿದವರು ಕ್ಷಮಿಸಬೇಕು. ಮೊದಲು ಒಂದು ತಂತ್ರಾಂಶವನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಒಯ್ಯುವುದೆಂದರೆ ಮನೆ ಬದಲಾಯಿಸಿದಂತೆ. ಅಲ್ಲಿ ಇದ್ದದ್ದು ಇಲ್ಲಿರುವುದಿಲ್ಲ, ಇಲ್ಲಿಯ ಒಲೆಗೆ ಅಲ್ಲಿಯ ಪಾತ್ರೆ ಕೂರುವುದಿಲ್ಲ. ಈ ತಾಪತ್ರಯವನ್ನು ತಪ್ಪಿಸಲು, ತಂತ್ರಾಂಶಕ್ಕೆ ಬೇಕಾದ ಸಕಲ ಸಾಮಗ್ರಿಯನ್ನೂ ಅದರೊಡನೆಯೇ ಒಂದು ಡಬ್ಬಿಯಲ್ಲಿ ಕಟ್ಟಿಡುವ ಪದ್ಧತಿ ಬಂದಿತು. 2013ರಲ್ಲಿ ಡಾಕರ್ ಎಂಬುದು ಹೊರಬಂದ ಮೇಲೆ ಇದು ಎಲ್ಲೆಡೆ ಹರಡಿತು. ಮರುವರ್ಷವೇ ಗೂಗಲ್ ಸಂಸ್ಥೆಯು ಇಂಥ ಡಬ್ಬಿಗಳನ್ನು ಸಾವಿರಗಟ್ಟಲೆ ನಡೆಸುವ ಕುಬರ್ನೆಟೀಸ್ ಎಂಬ ವ್ಯವಸ್ಥೆಯನ್ನು ಲೋಕಕ್ಕೆ ಬಿಟ್ಟಿತು. ಡಬ್ಬಿಯ ಅಚ್ಚಿಗೆ ‘ಇಮೇಜ್’ ಎನ್ನುತ್ತಾರೆ. ಅದೇ ಅಚ್ಚಿನಿಂದ ಎಷ್ಟು ಡಬ್ಬಿಗಳನ್ನಾದರೂ ತೆಗೆಯಬಹುದು. ಒಂದು ಕೆಟ್ಟರೆ ಎಸೆದು ಇನ್ನೊಂದನ್ನು ಇಡಬಹುದು.

ಎಸೆಯುವುದಕ್ಕೆಂದೇ ಮಾಡಿದ ವಸ್ತು ಎಂಬುದನ್ನು ಗಮನಿಸಬೇಕು. ಕಂಟೇನರಿನ ಒಳಗೆ ಏನನ್ನು ಬರೆದರೂ, ಆ ಕಂಟೇನರನ್ನು ತೆಗೆದುಹಾಕಿದೊಡನೆ ಅದೂ ಹೋಗುತ್ತದೆ. ಉಳಿಯಬೇಕಾದ ದತ್ತಾಂಶವನ್ನು ‘ವಾಲ್ಯೂಮ್’ ಎಂಬ ಬೇರೊಂದು ಸ್ಥಳದಲ್ಲಿ, ಡಬ್ಬಿಯ ಹೊರಗೆ ಇಡಬೇಕು. ವಾರದ ಸಂತೆಯಲ್ಲಿ ಬಟ್ಟೆಯ ವ್ಯಾಪಾರಿ ಬೆಳಿಗ್ಗೆ ಡೇರೆ ಹೊಡೆಯುತ್ತಾನೆ, ಸಂಜೆ ಕೀಳುತ್ತಾನೆ. ನಾಳೆ ಇನ್ನೊಂದು ಊರಿನಲ್ಲಿ ಅದೇ ಡೇರೆ. ಹಣದ ಪೆಟ್ಟಿಗೆಯನ್ನು ಮಾತ್ರ ಅವನು ಡೇರೆಯ ಜೊತೆ ಸುತ್ತಿ ಗಾಡಿಗೆ ಎಸೆಯುವುದಿಲ್ಲ, ಮಡಿಲಲ್ಲಿಟ್ಟುಕೊಂಡು ಹೋಗುತ್ತಾನೆ. ಓದು ಬರಹ ಬಾರದ ವ್ಯಾಪಾರಿಗೂ ತಿಳಿದ ಈ ವ್ಯತ್ಯಾಸ ನನಗೆ ತಿಳಿದಿರಲಿಲ್ಲ.

ಕಳೆದ ವರ್ಷ ಒಂದು ಶನಿವಾರ ಮಧ್ಯಾಹ್ನ ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕಲು ಕುಳಿತೆ. ಹಳೆಯದನ್ನು ಪೂರ್ತಿ ತೆಗೆದು ಶುದ್ಧವಾಗಿ ಆರಂಭಿಸಬೇಕಾದರೆ ಇಂಥ ಆಜ್ಞೆ ಕೊಡಿ ಎಂದು ಎಲ್ಲೋ ಓದಿದ್ದೆ. ಆ ಆಜ್ಞೆಯ ಕೊನೆಯಲ್ಲಿ ಇಂಗ್ಲಿಷಿನ ‘ವಿ’ ಎಂಬ ಒಂದೇ ಅಕ್ಷರವಿತ್ತು. ಕಂಪೋಸ್ ಡೌನ್ ಎಂದಷ್ಟೇ ಹೇಳಿದರೆ ಡಬ್ಬಿಗಳು ಹೋಗುತ್ತವೆ, ವಾಲ್ಯೂಮ್ ಉಳಿಯುತ್ತದೆ. ಆ ‘ವಿ’ ಸೇರಿದರೆ ವಾಲ್ಯೂಮೂ ಹೋಗುತ್ತದೆ. ನಾನು ಸೇರಿಸಿದೆ. ಯಂತ್ರವು ಕ್ಷಣಮಾತ್ರದಲ್ಲಿ ವಿಧೇಯವಾಗಿ ಕೆಲಸ ಮುಗಿಸಿತು. ಹೊಸ ಆವೃತ್ತಿ ಚೆಂದವಾಗಿ ತೆರೆದುಕೊಂಡಿತು. ಅದರಲ್ಲಿ ಒಂದು ಹಾಡೂ ಇರಲಿಲ್ಲ.

ಆಗಲೂ ನಾನು ಹೆದರಲಿಲ್ಲ. ಏಕೆಂದರೆ ನಮ್ಮಲ್ಲಿ ಬ್ಯಾಕಪ್ ಇತ್ತು. ಒಂದಲ್ಲ, ಎರಡು ಬಗೆಯದು. ಪ್ರತಿ ರಾತ್ರಿ ಎರಡು ಗಂಟೆಗೆ ದತ್ತಾಂಶದ ನಕಲು ತಾನೇ ತಾನಾಗಿ ತಯಾರಾಗುತ್ತಿತ್ತು, ‘ಯಶಸ್ವಿ’ ಎಂಬ ಸಾಲು ದಿನವೂ ಬೀಳುತ್ತಿತ್ತು. ಹೋಗಿ ನೋಡಿದರೆ ಆ ನಕಲು ಬರೆಯಲ್ಪಡುತ್ತಿದ್ದದ್ದು ಕಂಟೇನರಿನ ಒಳಗಿನ ಒಂದು ಜಾಗಕ್ಕೆ. ಡಬ್ಬಿಯ ಜೊತೆಗೆ ಅದೂ ಹೋಗಿತ್ತು. ‘ವಿ’ ಎಂಬ ಅಕ್ಷರವನ್ನು ಸೇರಿಸದಿದ್ದರೂ ಅದು ಹೋಗುತ್ತಿತ್ತು. ಎರಡನೆಯದು ನಾನೇ ಪ್ರತಿ ಶನಿವಾರ ಶ್ರದ್ಧೆಯಿಂದ ಪೆನ್ ಡ್ರೈವಿಗೆ ತೆಗೆದಿಟ್ಟದ್ದು. ಅದನ್ನು ತೆರೆದಾಗ ತಿಳಿಯಿತು, ಅಷ್ಟು ಕಾಲ ನಾನು ಉಳಿಸಿದ್ದು ಇಮೇಜುಗಳನ್ನು, ಅಂದರೆ ಡಬ್ಬಿಯ ಅಚ್ಚುಗಳನ್ನು. ಓಡುತ್ತಿರುವ ಕಂಟೇನರನ್ನೇ ಇಮೇಜಾಗಿ ಮಾಡಿಟ್ಟುಕೊಂಡರೂ ವಾಲ್ಯೂಮಿನಲ್ಲಿರುವುದು ಅದರೊಳಗೆ ಸೇರುವುದಿಲ್ಲ. ಇದು ಡಾಕರಿನ ಕೈಪಿಡಿಯಲ್ಲೇ ಇದೆ, ನಾನು ಓದಿರಲಿಲ್ಲ. ಯಾರು ಬೇಕಾದರೂ ಯಾವಾಗ ಬೇಕಾದರೂ ಅಂತರ್ಜಾಲದಿಂದ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದಾದ ವಸ್ತುವನ್ನು ನಾನು ವರ್ಷವಿಡೀ ಬೀಗ ಹಾಕಿ ಕಾಪಾಡಿದ್ದೆ.

ಅಳಿಸಿಹೋದ ಡಿಸ್ಕಿನಿಂದ ತೆಗೆಯಬಹುದೇನೋ ಎಂದು ಆ ಬೆಂಗಳೂರಿನ ಅಣ್ಣ ಎರಡು ದಿನ ಹೆಣಗಿದ. ಚೂರುಪಾರು ಸಿಕ್ಕಿದವು, ಯಾವುದೂ ಕೇಳುವಂತಿರಲಿಲ್ಲ. ಅನಂತರ ನಾವು ಹಾಡು ಹಿಡಿದ ಫೋನುಗಳ ಬೆನ್ನು ಹತ್ತಿದೆವು. ಕೆಲವರ ಬಳಿ ಇದ್ದವು. ಕೆಲವರು ಜಾಗ ಸಾಲದೆ ಅಳಿಸಿದ್ದರು, ಏಕೆಂದರೆ ‘ಕಾಲೇಜಿನ ಸರ್ವರಿನಲ್ಲಿ ಇದೆಯಲ್ಲ’ ಎಂದು ನಾನೇ ಅವರಿಗೆ ಹೇಳಿದ್ದೆ. ನ್ಯಾಮತಿಯ ತಂಡದವನು ಫೋನನ್ನೇ ಬದಲಾಯಿಸಿಬಿಟ್ಟಿದ್ದ.

ಅವನನ್ನು ಕರೆದುಕೊಂಡು ತಾಂಡಾಕ್ಕೆ ಹೋದೆ. ಅಜ್ಜಿಯನ್ನು ಕಾಡಿಬೇಡಿ ಮತ್ತೊಮ್ಮೆ ಹಾಡಿಸಿಕೊಂಡು ಬರೋಣವೆಂಬ ಆಸೆ. ಮನೆಯ ಮುಂದೆ ಅವರ ಮಗ ಜೋಳ ಕೇರುತ್ತಿದ್ದ. ನಮ್ಮನ್ನು ಗುರುತಿಸಿ ಕೂರಲು ಹೇಳಿ, ನೀರು ಕೊಟ್ಟು, ದೀಪಾವಳಿಯ ಹೊತ್ತಿಗೆ ಅವ್ವ ತೀರಿಕೊಂಡಳೆಂದು ಹೇಳಿದ. ನಮಗೆ ಏನು ಮಾತಾಡಬೇಕೋ ತೋಚಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ ಕೇಳಿದ: “ಅವ್ವನ ದನಿ ನಿಮ್ ಹತ್ರ ಐತಲ್ರೀ ತಮ್ಮಾ, ಒಂದ್ಸಲ ಕೇಳಿಸ್ರಿ. ನನ್ ಮಗಳು ನೋಡೋಕೆ ಅವ್ವನಂಗೇ ಅದಾಳೆ, ಕಲೀತಾಳೆ.” ಇದೆಯೆಂದು ಸುಳ್ಳು ಹೇಳುವಂತಿರಲಿಲ್ಲ. ಇಲ್ಲವೆಂದೆ. ಅವನು ಕೋಪಿಸಿಕೊಳ್ಳಲಿಲ್ಲ, ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು.

ಜಗಳೂರಿನ ಹಾಡುಗಳು ಮಾತ್ರ ಒಂದೂ ಬಿಡದೆ ಸಿಕ್ಕಿದವು. ಆ ಗೆಳತಿಯ ಬಳಿ ಸರ್ವರಿಲ್ಲ, ಕಂಟೇನರಿಲ್ಲ. ಎಲ್ಲವನ್ನೂ ಒಂದು ಮೆಮೊರಿ ಕಾರ್ಡಿಗೆ ಹಾಕಿ ಮನೆಯಲ್ಲಿಟ್ಟಿದ್ದಳು. ಊರಿಗೆ ಹೋದಾಗಲೆಲ್ಲ ಅವಳ ಅಜ್ಜಿ ‘ಆ ಪದ ಹಾಕವ್ವಾ’ ಎಂದು ಕೂರುತ್ತಿದ್ದರಂತೆ. ಒಮ್ಮೆ ಕೆಲವು ಹಾಡುಗಳು ಅರ್ಧಕ್ಕೆ ನಿಂತವು. ಕಾರ್ಡು ಕೆಟ್ಟಿದೆಯೆಂದು ತಿಳಿದು ಅವಳು ಆಗಲೇ ಫೋನಿನಲ್ಲಿದ್ದವನ್ನು ಇನ್ನೊಂದು ಕಾರ್ಡಿಗೆ ಹಾಕಿಕೊಂಡಳು. ಅವಳ ನಕಲು ಉಳಿದದ್ದಕ್ಕೆ ಕಾರಣ ಅದು ಉತ್ತಮ ಯಂತ್ರದಲ್ಲಿದ್ದದ್ದಲ್ಲ, ಅಜ್ಜಿ ಅದನ್ನು ಆಗಾಗ ಕೇಳುತ್ತಿದ್ದದ್ದು.

ನನ್ನ ಅಭಿಪ್ರಾಯವೆಲ್ಲ ಇಲ್ಲಿಂದ ಹುಟ್ಟಿತು. ನಕಲು ತೆಗೆಯುವುದಕ್ಕೆ ನಾವು ಬ್ಯಾಕಪ್ ಎನ್ನುತ್ತೇವೆ. ಅದು ಕೆಲಸದ ಅರ್ಧವೂ ಅಲ್ಲ. ಆ ನಕಲಿನಿಂದ, ಏನೂ ಇಲ್ಲದ ಖಾಲಿ ಯಂತ್ರದ ಮೇಲೆ, ಮೊದಲಿದ್ದಂತೆ ಎಲ್ಲವನ್ನೂ ಮರಳಿ ನಿಲ್ಲಿಸಿ, ಒಂದು ಹಾಡನ್ನು ಕೊನೆಯವರೆಗೆ ಕೇಳಿದ ಮೇಲೆಯೇ ‘ನಮ್ಮಲ್ಲಿ ಬ್ಯಾಕಪ್ ಇದೆ’ ಎಂದು ಹೇಳುವ ಹಕ್ಕು ಬರುತ್ತದೆ. ಅದಕ್ಕೆ ಮೊದಲು ಆ ಮಾತನ್ನು ಯಾರೂ ಆಡಕೂಡದು, ವರದಿಯಲ್ಲಿ ಬರೆಯಕೂಡದು.

ಇದು ಹಳ್ಳಿಗಾಡಿನ ಹುಡುಗನ ಅಜ್ಞಾನದ ಫಲವೆಂದು ನಗುವವರು ದೊಡ್ಡವರ ಕಥೆಯನ್ನೂ ಕೇಳಬೇಕು. ಗಿಟ್‌ಲ್ಯಾಬ್ ಎಂಬುದು ಲೋಕದ ತಂತ್ರಾಂಶ ಬರೆಯುವವರು ತಮ್ಮ ಕೆಲಸವನ್ನು ಇಟ್ಟುಕೊಳ್ಳುವ ಸ್ಥಳ. 2017ರ ಜನವರಿ 31ರಂದು ಅಲ್ಲಿಯ ಒಬ್ಬ ತಂತ್ರಜ್ಞನು ತೊಂದರೆಯೊಂದನ್ನು ಸರಿಪಡಿಸಲು ಹೋಗಿ, ಒಂದು ಯಂತ್ರವೆಂದು ತಿಳಿದು ಇನ್ನೊಂದು ಯಂತ್ರದ ಮೇಲೆ ಅಳಿಸುವ ಆಜ್ಞೆ ಕೊಟ್ಟ. ಸುಮಾರು 300 ಗಿಗಾಬೈಟ್ ದತ್ತಾಂಶ ಹೋಯಿತು. ಅವರಲ್ಲಿ ಐದು ಬಗೆಯ ರಕ್ಷಣೆಗಳಿದ್ದವು. ಪ್ರತಿದಿನದ ನಕಲು ತೆಗೆಯುವ ಉಪಕರಣ ಹಳೆಯ ಆವೃತ್ತಿಯದಾಗಿದ್ದು ಬಹುದಿನಗಳಿಂದ ಸೋಲುತ್ತಲೇ ಇತ್ತು; ಸೋತೆನೆಂದು ಅದು ಕಳಿಸುತ್ತಿದ್ದ ಪತ್ರಗಳು ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಆರು ಗಂಟೆ ಮೊದಲು, ಬೇರೇನೋ ಕಾರಣಕ್ಕೆ ಒಬ್ಬನು ತೆಗೆದಿದ್ದ ನಕಲೊಂದು ಅವರನ್ನು ಕಾಪಾಡಿತು. ಆ ಸಂಸ್ಥೆಯ ಬಗ್ಗೆ ನನಗೆ ಗೌರವ ಬಂದದ್ದು ಎಲ್ಲಿ ಎಂದರೆ, ಅವರು ಏನನ್ನೂ ಮುಚ್ಚಿಡದೆ, ಮರಳಿ ಕಟ್ಟುವ ಕೆಲಸವನ್ನೇ ಲೋಕವೆಲ್ಲ ನೋಡುವಂತೆ ನೇರ ಪ್ರಸಾರ ಮಾಡಿದರು. ಆಮೇಲೆ ನಡೆದದ್ದನ್ನು ಸವಿವರವಾಗಿ ಬರೆದು ಪ್ರಕಟಿಸಿದರು.

ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ 2025ರ ಸೆಪ್ಟೆಂಬರ್ 26ರಂದು ಸರ್ಕಾರದ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಬ್ಯಾಟರಿಗಳಿಂದ ಹತ್ತಿದ ಬೆಂಕಿ. 600ಕ್ಕೂ ಹೆಚ್ಚು ಸರ್ಕಾರಿ ಸೇವೆಗಳು ನಿಂತವು. ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ‘ಜಿ-ಡ್ರೈವ್’ ಎಂಬ ಭಂಡಾರದ 858 ಟೆರಾಬೈಟ್ ಬೂದಿಯಾಯಿತು. ಗಾತ್ರ ಬಹಳ ದೊಡ್ಡದೆಂಬ ಕಾರಣಕ್ಕೆ ಅದರ ನಕಲನ್ನು ಹೊರಗೆಲ್ಲೂ ಇಟ್ಟಿರಲಿಲ್ಲ. ತಂತ್ರಜ್ಞಾನದಲ್ಲಿ ಕೊರಿಯಾ ದೇಶವನ್ನು ಹಿಂದುಳಿದದ್ದೆಂದು ಯಾರೂ ಹೇಳಲಾರರು.

‘ಕ್ಲೌಡಿಗೆ ಹಾಕಿಬಿಡಿ, ದೊಡ್ಡ ಕಂಪನಿಯವರು ನೋಡಿಕೊಳ್ಳುತ್ತಾರೆ’ ಎಂದು ನನ್ನ ಮಿತ್ರರಲ್ಲಿ ಕೆಲವರು ಈಗಲೂ ವಾದಿಸುತ್ತಾರೆ. ಹಾಕಬಾರದೆಂದು ನಾನು ಹೇಳುವುದಿಲ್ಲ. ಅಷ್ಟೇ ಸಾಲದೆಂಬುದು ನನ್ನ ವಾದ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯು ಗೂಗಲ್ ಕ್ಲೌಡಿನಲ್ಲಿ ನಡೆಸುತ್ತಿದ್ದ ಖಾಸಗಿ ವ್ಯವಸ್ಥೆಯು, ಅದರ ಎರಡನೆಯ ಪ್ರತಿಯೂ ಸೇರಿ, ಆ ಕಂಪನಿಯ ಒಂದು ತಪ್ಪಿನಿಂದ ಅಳಿಸಿಹೋಯಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರು ಒಂದು ವಾರಕ್ಕೂ ಮೀರಿ ತಮ್ಮ ಖಾತೆಯನ್ನು ನೋಡಲಾಗದೆ ಕೂತರು. ಬೇರೊಂದು ಕಂಪನಿಯ ಬಳಿಯೂ ಒಂದು ಪ್ರತಿ ಇಟ್ಟಿದ್ದರಿಂದ ನಿಧಿಯವರು ಉಳಿದುಕೊಂಡರು. ಇನ್ನೊಂದು ಮಾತು: ಮೂಲದೊಡನೆ ಸದಾ ಹೊಂದಿಕೊಂಡು ನಡೆಯುವ ಪ್ರತಿಯು ಮೂಲದಲ್ಲಿ ಅಳಿಸಿದ್ದನ್ನು ತನ್ನಲ್ಲಿಯೂ ಅಳಿಸುತ್ತದೆ. ಅದು ನೆರಳು, ಮನುಷ್ಯ ಬಾವಿಗೆ ಬಿದ್ದರೆ ನೆರಳೂ ಬೀಳುತ್ತದೆ.

ಈ ವಿಷಯದಲ್ಲಿ ನಮ್ಮ ಹಿರಿಯರ ನಡವಳಿಕೆಯನ್ನು ನೋಡಿದರೆ ನನಗೆ ನಾಚಿಕೆಯಾಗುತ್ತದೆ. ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸರು ಊರೂರಿನ ಶಾಸನಗಳನ್ನು ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಕಲ್ಲಿನ ಮೇಲಿದ್ದುದನ್ನು ಕನ್ನಡ ಅಕ್ಷರದಲ್ಲಿ ಒಮ್ಮೆ, ರೋಮನ್ ಅಕ್ಷರದಲ್ಲಿ ಒಮ್ಮೆ, ಇಂಗ್ಲಿಷ್ ಅನುವಾದದಲ್ಲಿ ಒಮ್ಮೆ, ಹೀಗೆ ಮೂರು ಬಗೆಯಾಗಿ ಕೊಟ್ಟರು. ಆ ಕಲ್ಲುಗಳಲ್ಲಿ ಕೆಲವು ಇಂದು ಹುಡುಕಿದರೂ ಸಿಕ್ಕುವುದಿಲ್ಲ, ಪುಸ್ತಕವಿದೆ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದರು. ಅವರ ಬಳಿ ದನಿ ಹಿಡಿಯುವ ಯಂತ್ರವಿರಲಿಲ್ಲ, ಕಿವಿಯಿಂದ ಕೇಳಿ ಕೈಯಿಂದ ಬರೆದರು. ಅಚ್ಚಾದ ಪುಸ್ತಕ ನೂರಾರು ಮನೆಗಳಿಗೆ ಹೋಯಿತು. ಒಂದು ಮನೆಗೆ ಗೆದ್ದಲು ಹಿಡಿದರೆ ಇನ್ನೊಂದರಲ್ಲಿ ಉಳಿಯಿತು, ಮತ್ತು ಜನ ಅದನ್ನು ತೆರೆದು ಓದುತ್ತಿದ್ದರು. ನಮ್ಮ ಮುನ್ನೂರು ಹಾಡುಗಳ ಸಾಹಿತ್ಯವನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಲು ನಮಗೆ ಹೊಳೆಯಲಿಲ್ಲ. ಹಾಡಿದವರ ಹೆಸರು, ಊರು, ಹಾಡಿನ ಮೊದಲ ಮಾತು, ಎಷ್ಟು ನಿಮಿಷ ಎಂಬುದಷ್ಟನ್ನು ಒಬ್ಬ ಅಧ್ಯಾಪಕರು ತಮ್ಮ ತೃಪ್ತಿಗಾಗಿ ಬರೆದುಕೊಂಡಿದ್ದರು. ಆ ಪುಸ್ತಕವಿಲ್ಲದಿದ್ದರೆ ಏನು ಕಳೆದುಹೋಯಿತೆಂಬುದೂ ನಮಗೆ ತಿಳಿಯುತ್ತಿರಲಿಲ್ಲ.

ರೈಸರ ಸಂಪುಟಗಳ ಪ್ರಸ್ತಾಪ ಬಂದದ್ದರಿಂದ ಒಂದು ಸಣ್ಣ ಅನುಭವವನ್ನು ಹೇಳಬೇಕು. ನ್ಯಾಮತಿಯ ಕಡೆಯ ಶಾಸನಗಳನ್ನು ನೋಡಬೇಕೆಂದು ಗ್ರಂಥಾಲಯದಲ್ಲಿ ದಾವಣಗೆರೆ ಜಿಲ್ಲೆಯ ಸಂಪುಟವನ್ನು ಹುಡುಕಿ ಹುಡುಕಿ ಸೋತೆ. ಇರುವುದಾದರೂ ಹೇಗೆ? ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಆದ್ದರಿಂದ ಅವು ರೈಸರ 7ನೆಯ ಮತ್ತು 11ನೆಯ ಸಂಪುಟಗಳಲ್ಲಿ ಹಂಚಿಹೋಗಿವೆ. ನ್ಯಾಮತಿ ಬೇರೆ ತಾಲ್ಲೂಕಾದದ್ದಂತೂ ತೀರ ಈಚೆಗೆ, ಹೊನ್ನಾಳಿಯ ಹೆಸರಿನ ಕೆಳಗೆ ಅದನ್ನು ಹುಡುಕಬೇಕು. ವಸ್ತು ಇದ್ದ ಕಡೆಯೇ ಇತ್ತು, ನಾನು ಬೇರೆ ಹೆಸರಿನಿಂದ ಕೂಗುತ್ತಿದ್ದೆ.

ಇದೇ ಪೆಟ್ಟು ಕಂಪ್ಯೂಟರಿನಲ್ಲಿಯೂ ಬಿತ್ತು. ದೊರೆತ ಹಾಡುಗಳನ್ನೆಲ್ಲ ಸೇರಿಸಿ ಹೊಸದಾಗಿ ವ್ಯವಸ್ಥೆ ಮಾಡಿದ ಮೇಲೆ, ಈ ಸಲ ಮರಳಿ ಕಟ್ಟಿ ನೋಡಿಯೇ ಬಿಡೋಣವೆಂದು ಇನ್ನೊಂದು ಯಂತ್ರದಲ್ಲಿ ನಕಲನ್ನು ಇಳಿಸಿದೆವು. ಎಲ್ಲವೂ ಸರಿಯಾಗಿತ್ತು, ಪರದೆ ಮಾತ್ರ ಖಾಲಿ. ಒಂದು ಗಂಟೆ ತಲೆ ಕೆಡಿಸಿಕೊಂಡ ಮೇಲೆ ಕಾರಣ ತಿಳಿಯಿತು. ಕಂಪೋಸ್ ತಂತ್ರಾಂಶವು ನಾವಿರುವ ಫೋಲ್ಡರಿನ ಹೆಸರನ್ನು ವಾಲ್ಯೂಮಿನ ಹೆಸರಿಗೆ ಮುಂದೆ ಜೋಡಿಸಿಕೊಳ್ಳುತ್ತದೆ. ಹೊಸ ಯಂತ್ರದಲ್ಲಿ ಫೋಲ್ಡರಿಗೆ ಬೇರೆ ಹೆಸರಿಟ್ಟಿದ್ದೆವು. ಆದ್ದರಿಂದ ಅದು ಹೊಸದೊಂದು ಖಾಲಿ ವಾಲ್ಯೂಮನ್ನು ಮಾಡಿಕೊಂಡು ಅದರಲ್ಲೇ ಹಾಡು ಹುಡುಕುತ್ತಿತ್ತು, ನಮ್ಮ ಹಾಡುಗಳು ಪಕ್ಕದಲ್ಲೇ ಹಳೆಯ ಹೆಸರಿನ ವಾಲ್ಯೂಮಿನಲ್ಲಿ ತಣ್ಣಗೆ ಕೂತಿದ್ದವು. ನಿಜವಾದ ಆಪತ್ತಿನ ದಿನ ಇದು ನಡೆದಿದ್ದರೆ ಗಾಬರಿಯಲ್ಲಿ ಇನ್ನೇನನ್ನು ಅಳಿಸುತ್ತಿದ್ದೆವೋ.

ನಕಲು ತೆಗೆಯುವ ವಿಧಾನದಲ್ಲಿಯೂ ಒಂದು ಸೂಕ್ಷ್ಮವಿದೆ. ದತ್ತಾಂಶದ ಕಂಟೇನರು ಓಡುತ್ತಿರುವಾಗಲೇ ಅದರ ಕಡತಗಳನ್ನು ಸುಮ್ಮನೆ ನಕಲು ಮಾಡಬಾರದು. ಶಾನುಭೋಗರು ಖಾತೆ ಬದಲಾವಣೆ ಬರೆಯುತ್ತಿರುವಾಗ ಮಧ್ಯದಲ್ಲಿ ಪುಸ್ತಕದ ಚಿತ್ರ ತೆಗೆದಂತಾಗುತ್ತದೆ: ತಂದೆಯ ಹೆಸರು ಹೊಡೆದುಹಾಕಿಯಾಗಿದೆ, ಮಗನ ಹೆಸರು ಇನ್ನೂ ಬರೆದಿಲ್ಲ, ಆ ಕ್ಷಣದ ಚಿತ್ರದಲ್ಲಿ ಹೊಲಕ್ಕೆ ಒಡೆಯನೇ ಇಲ್ಲ. ಒಂದೋ ಕೆಲಸ ನಿಲ್ಲಿಸಿ ನಕಲು ತೆಗೆಯಬೇಕು, ಅಥವಾ ದತ್ತಾಂಶದ ತಂತ್ರಾಂಶವೇ ಒದಗಿಸಿರುವ ‘ಡಂಪ್’ ಎಂಬ ಉಪಾಯದಿಂದ ತೆಗೆಯಬೇಕು. ದೊಡ್ಡ ಸ್ಥಳಗಳಲ್ಲಿ ಕುಬರ್ನೆಟೀಸ್ ಬಳಸುವವರು ವೆಲೆರೊ ಮುಂತಾದ ಸಾಧನಗಳನ್ನು ಇಟ್ಟುಕೊಂಡಿರುತ್ತಾರೆ. ಯಾವ ಡಬ್ಬಿ ಎಲ್ಲಿ ನಡೆಯಬೇಕೆಂಬ ಪಟ್ಟಿ ಬೇರೆ, ಡಬ್ಬಿಗೆ ಸೇರಿದ ದತ್ತಾಂಶ ಬೇರೆ, ಎರಡನ್ನೂ ಉಳಿಸಬೇಕು. ನಮ್ಮಂಥವರಿಗೆ ಅಷ್ಟು ಸಲಕರಣೆ ಬೇಕಿಲ್ಲ.

ಶಾನುಭೋಗರ ಮಾತು ಬಂದಾಗ ಪಹಣಿಯ ನೆನಪಾಗದಿರದು. 2000ದ ಸುಮಾರಿಗೆ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅದು ದೊಡ್ಡ ಕೆಲಸ, ರೈತನಿಗೆ ಅದರಿಂದ ಉಪಕಾರವೇ ಆಯಿತು. ಆದರೆ ಅಂದಿನಿಂದ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಯಂತ್ರದಲ್ಲಿ ಇರುವುದೇ ಪಹಣಿ. ಜಗಳೂರಿನ ಬೆದ್ದಲು ಹೊಲದವನಿಗೆ ಬೆಳೆಸಾಲ ಬೇಕಾದರೂ, ಚನ್ನಗಿರಿಯ ತೋಟದವನಿಗೆ ಪಾಲುಪತ್ರವಾಗಬೇಕಾದರೂ ಅದೇ ಬೇಕು. ಆದ್ದರಿಂದ ದತ್ತಾಂಶವನ್ನು ಮರಳಿ ಕಟ್ಟುವ ವಿಷಯವು ಬೆಂಗಳೂರಿನ ಸಾಫ್ಟ್‌ವೇರಿನವರಿಗೆ ಮಾತ್ರ ಸೇರಿದ್ದೆಂದು ನಾವು ಕೈಕಟ್ಟಿ ಕೂರುವಂತಿಲ್ಲ. ಡಬ್ಬಿ ಕಟ್ಟುವುದು ಅವರ ವಿದ್ಯೆ. ಅದರೊಳಗೆ ಇರುವುದು ನಮ್ಮ ಹೊಲ, ನಮ್ಮ ಅಂಕಪಟ್ಟಿ, ನಮ್ಮ ಅಜ್ಜಿಯ ಹಾಡು. ತೆರೆದು ತೋರಿಸಿ ಎಂದು ಕೇಳುವ ಅಧಿಕಾರ ನಮಗಿದೆ, ಕೇಳುವಷ್ಟು ತಿಳಿವಳಿಕೆಯೂ ಇರಬೇಕು.

ಈಗ ನಮ್ಮ ಕಾಲೇಜಿನ ಮಟ್ಟಿಗೆ ನನ್ನ ಸೂಚನೆ. ಪ್ರತಿ ಸೆಮಿಸ್ಟರಿನಲ್ಲಿ ಆಂತರಿಕ ಪರೀಕ್ಷೆ ಮುಗಿದ ಮೇಲಿನ ಶನಿವಾರವನ್ನು ಇದಕ್ಕಾಗಿ ಮೀಸಲಿಡಬೇಕು. ಒಂದು ಖಾಲಿ ಕಂಪ್ಯೂಟರು, ಒಂದು ಪೆನ್ ಡ್ರೈವು, ವಿಧಾನವನ್ನು ಕನ್ನಡದಲ್ಲಿ ಬರೆದ ಒಂದು ಹಾಳೆ, ಇವಿಷ್ಟನ್ನು ಕೊಟ್ಟು, ಈ ವ್ಯವಸ್ಥೆಯನ್ನು ಎಂದೂ ಮುಟ್ಟದ ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸಬೇಕು. ವ್ಯವಸ್ಥೆ ಕಟ್ಟಿದವನು ಕೋಣೆಯೊಳಗೆ ಬರಕೂಡದು. ಬಂದರೆ ಹಾಳೆಯಲ್ಲಿ ಇಲ್ಲದ್ದನ್ನು ಬಾಯಲ್ಲಿ ಹೇಳಿಬಿಡುತ್ತಾನೆ. ಊಟದ ಹೊತ್ತಿಗೆ ಹಾಡು ಕೇಳಿಸಿದರೆ ದಿನಾಂಕ ಹಾಕಿ ರುಜು ಮಾಡಬೇಕು. ಕೇಳಿಸದಿದ್ದರೆ ‘ಬ್ಯಾಕಪ್ ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆಯಬೇಕು. ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ಒಂದು ಲೆಕ್ಕವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಬೇರೆ ಊರಿಗೆ ನಾವು ಬಹಳ ದೂರ ಹೋಗಬೇಕಾಗಿಲ್ಲ. ನಾಲ್ಕು ತಾಲ್ಲೂಕಿನವರಿದ್ದೇವೆ, ಜಗಳೂರಿಗೆ ಹೊಳೆಯ ನೆರೆಯೂ ಬರುವುದಿಲ್ಲ.

ಈ ಸೂಚನೆಯನ್ನು ಒಬ್ಬ ಹಿರಿಯ ಅಧ್ಯಾಪಕರ ಮುಂದಿಟ್ಟಾಗ ಅವರು ನಕ್ಕು, “ಇರೋ ಕೆಲಸಕ್ಕೇ ಜನ ಇಲ್ಲ ಕಣಯ್ಯ” ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ಅತಿಥಿ ಉಪನ್ಯಾಸಕರು ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅವರಿಗೇ ತಿಳಿಯದು. ನಾವಂತೂ ಮೂರು ವರ್ಷ ಕಳೆದರೆ ಗಂಟು ಕಟ್ಟುವವರು. ಆದರೆ ಹಾಳೆಯಲ್ಲಿ ಬರೆದಿಡಬೇಕೆಂದು ನಾನು ಹಟ ಹಿಡಿದಿರುವುದೂ ಅದಕ್ಕಾಗಿಯೇ. ವಿಧಾನವು ಒಬ್ಬನ ತಲೆಯಲ್ಲಿ ಮಾತ್ರ ಇದ್ದರೆ ಅದು ಕಂಟೇನರಿನೊಳಗೆ ಬರೆದ ನಕಲಿನಂತೆಯೇ, ಅವನು ಹೋದಾಗ ಜೊತೆಗೆ ಹೋಗುತ್ತದೆ. ಮಾತು ಮುಗಿಸಿ ಏಳುವಾಗ ಅದೇ ಅಧ್ಯಾಪಕರು, “ಮೊದಲನೇ ಶನಿವಾರ ನಾನೇ ಕೂರ್ತೀನಿ, ನಂಗೆ ಕಂಪ್ಯೂಟರ್ ಬರೋದಿಲ್ಲ, ನೋಡೋಣ” ಎಂದರು. ಕೂತರು. ನನ್ನ ಹಾಳೆಯಲ್ಲಿ ಹನ್ನೊಂದು ಕಡೆ ಅವರಿಗೆ ಅರ್ಥವಾಗಲಿಲ್ಲ. ತಿದ್ದಿ ಬರೆದಿದ್ದೇನೆ, ಮುಂದಿನ ಸಲಕ್ಕೆ ಇಬ್ಬರು ಬೇಕು, ಅರ್ಥಶಾಸ್ತ್ರದವರಾದರೂ ಆದೀತು.

ಇಲ್ಲಿಯವರೆಗೆ ಮರಳಿ ದೊರೆತ ಹಾಡುಗಳು ಸುಮಾರು ಅರ್ಧದಷ್ಟು. ಅಧ್ಯಾಪಕರ ನೋಟ್ ಪುಸ್ತಕದಲ್ಲಿ ದೊರೆತವುಗಳ ಮುಂದೆ ಕೆಂಪು ಗುರುತು ಹಾಕಿದ್ದೇವೆ. ಆ ಸಮಯದಲ್ಲಿ ನ್ಯಾಮತಿಯ ತಂಡದೊಡನೆ ತಾಂಡಾಕ್ಕೆ ಹೋಗಿದ್ದ, ಈಗ ಓದು ಮುಗಿಸಿ ಹೋಗಿರುವ ಮಿತ್ರರು ಯಾರಾದರೂ ಈ ಸಂಚಿಕೆಯನ್ನು ನೋಡಿದರೆ, ದಯಮಾಡಿ ಮನೆಯಲ್ಲಿ ಮೂಲೆಗೆ ಬಿದ್ದಿರುವ ಹಳೆಯ ಫೋನು, ಒಡೆದ ಮೆಮೊರಿ ಕಾರ್ಡು, ಯಾವುದಿದ್ದರೂ ಎಸೆಯದೆ ಕನ್ನಡ ವಿಭಾಗಕ್ಕೆ ತಲುಪಿಸಬೇಕು. ಅಂದು ಅಜ್ಜಿ ಹಾಡುತ್ತಿದ್ದಾಗ ಪಕ್ಕದಲ್ಲಿ ಇನ್ನೂ ಇಬ್ಬರು ಫೋನು ಹಿಡಿದು ನಿಂತಿದ್ದರೆಂದು ಅವರ ಮಗ ಹೇಳುತ್ತಾನೆ.